ಕೋಡ್ ಅದೇ, ಜಾಗ ಬೇರೆ

ಜಾವಾಸ್ಕ್ರಿಪ್ಟ್ ಕಲಿಯಲು ಕೂತವರಿಗೆ ಎಲ್ಲ ಪಾಠಗಳೂ ಮೊದಲು ಹೇಳಿಕೊಡುವುದು ‘ಕನ್ಸೋಲ್ ಡಾಟ್ ಲಾಗ್’. ಬ್ರಾಕೆಟ್ ಒಳಗೆ ನಿಮ್ಮ ಹೆಸರು ಬರೆಯಿರಿ, ಪರದೆ ಮೇಲೆ ಹೆಸರು ಬರುತ್ತದೆ. ಆಯ್ತು, ನೀವೂ ಪ್ರೋಗ್ರಾಮರ್. ಆದರೆ ಒಂದು ಸಂಗತಿಯನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಈ ಕನ್ಸೋಲ್ ಅನ್ನುವುದು ಜಾವಾಸ್ಕ್ರಿಪ್ಟ್ ಭಾಷೆಗೆ ಸೇರಿದ್ದೇ ಅಲ್ಲ.

ಸುಮ್ನೆ ಹೇಳುತ್ತಿಲ್ಲ. ಭಾಷೆಯ ನಿಯಮಗಳಿಗೆಂದೇ ಎಕ್ಮಾ-262 ಎಂಬ ದಸ್ತಾವೇಜು ಇದೆ. ಅದರ ಮೊದಲ ಆವೃತ್ತಿ 1997ರಲ್ಲಿ ಬಂತು, ಈಗ ಪ್ರತಿ ವರ್ಷ ಹೊಸದು ಬರುತ್ತದೆ. ಅದರ ಆರಂಭದ ಪುಟಗಳಲ್ಲೇ ಒಂದು ಮಾತು ಇದೆ: ಹೊರಗಿನಿಂದ ಮಾಹಿತಿ ತೆಗೆದುಕೊಳ್ಳಲು, ಲೆಕ್ಕದ ಉತ್ತರ ಹೊರಗೆ ಕೊಡಲು ಈ ಭಾಷೆಯಲ್ಲಿ ಯಾವ ಏರ್ಪಾಡೂ ಇಲ್ಲ. ಅಂದರೆ ಕೂಡುತ್ತದೆ, ಕಳೆಯುತ್ತದೆ, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುತ್ತದೆ, ಆದರೆ ಉತ್ತರ ಏನು ಅಂತ ಹೇಳಲು ಅದಕ್ಕೆ ಬಾಯಿ ಇಲ್ಲ. ಬಾಯಿ ಕೊಡುವುದು ಅದನ್ನು ಓಡಿಸುವ ಜಾಗ. ಆ ಜಾಗಕ್ಕೆ ರನ್‌ಟೈಮ್ ಅನ್ನುತ್ತಾರೆ.

ನಾನು ಮುಂಬೈಯಲ್ಲಿ ಲೆಕ್ಕ ಬರೆಯುವವಳು. ಫೋರ್ಟ್‌ನಲ್ಲಿ ಒಂದು ಸಣ್ಣ ಆಫೀಸಿನ ಅಕೌಂಟ್ಸ್ ನೋಡಿಕೊಳ್ಳುತ್ತೇನೆ, ಮನೆ ಡೊಂಬಿವಲಿಯಲ್ಲಿ. ಕೋಡಿಂಗ್ ಹುಚ್ಚು ಹತ್ತಿದ್ದು ನಮ್ಮ ಕನ್ನಡ ಸಂಘದಿಂದ. ಭಜನೆ, ತಾಳಮದ್ದಳೆ, ಪುಸ್ತಕ ಬಿಡುಗಡೆ, ಮಕ್ಕಳ ಕನ್ನಡ ಕ್ಲಾಸು ಹೀಗೆ ತಿಂಗಳ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುತ್ತಿದ್ದರು. ಅರ್ಧ ದಿನದಲ್ಲಿ ಅದು ಗುಡ್ ಮಾರ್ನಿಂಗ್ ಚಿತ್ರಗಳ ಅಡಿಯಲ್ಲಿ ಹೂತುಹೋಗುತ್ತಿತ್ತು. ಒಂದು ವೆಬ್ ಪೇಜ್ ಇದ್ದರೆ ಚೆನ್ನಾಗಿತ್ತು ಅಂದೆ. ‘ನೀವೇ ಮಾಡಿ’ ಅಂದರು. ಸಂಘದಲ್ಲಿ ಬಾಯಿ ಬಿಟ್ಟವರ ಕೊರಳಿಗೇ ಕೆಲಸ ಬೀಳುವುದು, ಅದೇನು ಹೊಸದಲ್ಲ.

ಪೇಜ್ ಮಾಡಿದೆ. ಬ್ರೌಸರ್‌ನಲ್ಲಿ ತೆರೆದರೆ ಕಾರ್ಯಕ್ರಮಗಳು ಸಾಲಾಗಿ ಬಂದವು. ಮುಂದಿನ ಹೆಜ್ಜೆಯಾಗಿ, ಪಟ್ಟಿಯ ಫೈಲ್ ಬದಲಾದ ಕೂಡಲೇ ಪೇಜ್ ತಾನಾಗಿ ತಯಾರಾಗಲಿ ಅಂತ ಅದೇ ಕೋಡನ್ನು ಟರ್ಮಿನಲ್‌ನಲ್ಲಿ ನೋಡ್ (ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವ ರನ್‌ಟೈಮ್) ಮೂಲಕ ಓಡಿಸಿದೆ. ಕೆಂಪಗೆ ಒಂದು ಸಾಲು ಬಂತು: ‘ಡಾಕ್ಯುಮೆಂಟ್ ಈಸ್ ನಾಟ್ ಡಿಫೈನ್ಡ್’. ಅಣ್ಣನ ಮಗ ಘಾಟ್ಕೋಪರ್‌ನಿಂದ ಬಂದಿದ್ದ. ಇಂಜಿನಿಯರಿಂಗ್ ಮೂರನೇ ವರ್ಷ, ಊಟಕ್ಕೆ ಮೀನು ಇದ್ದರೆ ತಪ್ಪದೆ ಬರುತ್ತಾನೆ.

‘ಕೋಡ್ ಸರಿಯಾಗೇ ಇದೆ ಅತ್ತೆ’ ಅಂದ. ‘ಇಲ್ಲಿ ಡಾಕ್ಯುಮೆಂಟ್ ಇಲ್ಲ, ಅಷ್ಟೇ.’

‘ಇಲ್ಲ ಅಂದ್ರೆ? ಈಗಷ್ಟೇ ಇತ್ತಲ್ಲ ಮಾರಾಯ!’

‘ಅದು ಬ್ರೌಸರ್‌ದು, ತೆರೆದ ಪೇಜನ್ನು ಕೋಡಿನ ಕೈಗೆ ಕೊಡೋ ಹೆಸರು. ನೀವು ಭಾಷೇದು ಅಂದುಕೊಂಡಿದ್ದೀರಿ.’

ಅಲ್ಲಿಂದ ಶುರುವಾಯಿತು ನೋಡಿ. ಯಾವುದು ಭಾಷೆಯದು, ಯಾವುದು ಜಾಗದ್ದು ಅಂತ ಇಬ್ಬರೂ ಕೂತು ಬೇರೆ ಮಾಡಿದೆವು. ನನಗೆ ಬ್ಯಾಲೆನ್ಸ್ ಶೀಟ್ ಹಾಕಿದ ಹಾಗೇ ಆಯಿತು. ಮ್ಯಾಪ್, ಫಿಲ್ಟರ್, ಮ್ಯಾತ್, ಜೇಸನ್, ಪ್ರಾಮಿಸ್ ಇವೆಲ್ಲ ಭಾಷೆಯ ಖಾತೆಗೆ. ಅಲರ್ಟ್, ವಿಂಡೋ, ಡಾಕ್ಯುಮೆಂಟ್ ಬ್ರೌಸರ್ ಖಾತೆಗೆ. ಫೈಲ್ ಓದುವುದು, ಬರೆಯುವುದು ನೋಡ್ ಖಾತೆಗೆ. ನನಗೆ ಜಾಸ್ತಿ ಆಶ್ಚರ್ಯ ಆಗಿದ್ದು ಸೆಟ್‌ಟೈಮ್‌ಔಟ್ ನೋಡಿ. ಇಷ್ಟು ಹೊತ್ತು ಬಿಟ್ಟು ಈ ಕೆಲಸ ಮಾಡು ಅಂತ ಹೇಳುವ ಆ ಫಂಕ್ಷನ್ ಇಲ್ಲದ ಜಾವಾಸ್ಕ್ರಿಪ್ಟ್ ಪಾಠವೇ ಇಲ್ಲ. ಅದೂ ಭಾಷೆಯದಲ್ಲ. ಎರಡೂ ಕಡೆ ಒಂದೇ ಹೆಸರಿನಲ್ಲಿ ಬೇರೆ ಬೇರೆಯಾಗಿ ಕಟ್ಟಿಕೊಟ್ಟಿದ್ದಾರೆ. ಬೇಕಾದರೆ ಪರೀಕ್ಷೆ ಮಾಡಿ. ಬ್ರೌಸರ್‌ನಲ್ಲಿ ಅದನ್ನು ಕರೆದರೆ ವಾಪಸ್ ಸಿಗುವುದು ಒಂದು ಸಂಖ್ಯೆ. ನೋಡ್‌ನಲ್ಲಿ ಕರೆದರೆ ಟೈಮ್‌ಔಟ್ ಎಂಬ ದೊಡ್ಡ ಆಬ್ಜೆಕ್ಟ್ ಬಂದು ಪರದೆ ತುಂಬುತ್ತದೆ.

ಇದು ಹೀಗೇಕಾಯಿತು ಅನ್ನುವುದಕ್ಕೆ ಚರಿತ್ರೆ ನೋಡಬೇಕು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಬರೆದರು. ಬ್ರೌಸರ್ ಒಳಗೆ ಕೂತು ಪೇಜಿಗೆ ಸ್ವಲ್ಪ ಜೀವ ತುಂಬುವುದು ಅದರ ಕೆಲಸ. ಬ್ರೌಸರ್ ಯಾರದೋ ಪೇಜಿನ ಕೋಡನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಓಡಿಸುತ್ತದೆ. ಆ ಯಾರೋ ನಿಮ್ಮ ಫೈಲುಗಳಿಗೆ ಕೈ ಹಾಕಬಾರದು, ಅಲ್ವಾ? ಹಾಗಾಗಿ ಅಲ್ಲಿ ಕಂಪ್ಯೂಟರಿನ ಫೈಲುಗಳನ್ನು ಕೇಳದೆ ತೆರೆಯುವ ದಾರಿಯನ್ನೇ ಇಟ್ಟಿಲ್ಲ. ಮರೆವಲ್ಲ ಅದು, ಬೇಕೆಂದೇ ಹಾಕಿದ ಬಾಗಿಲು.

2008ರಲ್ಲಿ ಗೂಗಲ್ ಕ್ರೋಮ್ ಬಂತು, ಅದರ ಜೊತೆ ವಿ8 ಎಂಬ ವೇಗದ ಎಂಜಿನ್ ಬಂತು. ಜಾವಾಸ್ಕ್ರಿಪ್ಟ್ ಓದಿ, ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿ ಓಡಿಸುವುದು ಎಂಜಿನ್ ಕೆಲಸ. 2009ರಲ್ಲಿ ರಯಾನ್ ಡಾಲ್ ಆ ಎಂಜಿನನ್ನು ಬ್ರೌಸರ್‌ನಿಂದ ಬಿಡಿಸಿ ತಂದು, ಫೈಲು, ನೆಟ್‌ವರ್ಕ್, ಪ್ರೊಸೆಸ್ ಎಲ್ಲವನ್ನೂ ಅದಕ್ಕೆ ಜೋಡಿಸಿ ನೋಡ್ ಮಾಡಿದರು. ಆ ವರ್ಷದ ನವೆಂಬರ್‌ನಲ್ಲಿ ಬರ್ಲಿನ್‌ನ ಸಮ್ಮೇಳನವೊಂದರಲ್ಲಿ ತೋರಿಸಿದರು. ಅಂದರೆ ಕ್ರೋಮ್‌ನಲ್ಲೂ ನೋಡ್‌ನಲ್ಲೂ ಎಂಜಿನ್ ಒಂದೇ. ಅದರ ಸುತ್ತ ಕಟ್ಟಿದ್ದು ಬೇರೆ. ಎಂಜಿನ್ ಬೇರೆ, ರನ್‌ಟೈಮ್ ಬೇರೆ ಅನ್ನುವುದು ಅಲ್ಲಿಯವರೆಗೆ ನನ್ನ ತಲೆಗೆ ಹೋಗಿರಲೇ ಇಲ್ಲ.

ನಮ್ಮ ಬಿಲ್ಡಿಂಗ್‌ನಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರು ಇದ್ದಾರೆ, ರೈಲ್ವೆಯಲ್ಲಿ ಮೋಟರ್‌ಮನ್ ಆಗಿ ನಿವೃತ್ತರಾದವರು. ಅವರಿಗೆ ಇದನ್ನು ಹೇಳಿದರೆ ಒಂದು ನಿಮಿಷವೂ ಯೋಚಿಸಲಿಲ್ಲ. ‘ನಮ್ಮ ಡಿಸಿ, ಎಸಿ ಕಥಿ ಇದ್ದಂಗ ಆತಲ್ರೀ’ ಅಂದರು. ಡಿಸಿ, ಎಸಿ ಅಂದರೆ ಕರೆಂಟಿನ ಎರಡು ಬಗೆ. 1925ರ ಫೆಬ್ರವರಿ 3ರಂದು ಮುಂಬೈಯ ವಿಟಿ ನಿಲ್ದಾಣದಿಂದ ಕುರ್ಲಾಕ್ಕೆ ದೇಶದ ಮೊದಲ ಕರೆಂಟ್ ರೈಲು ಓಡಿತಲ್ಲ, ಆಗ ಮೇಲಿನ ತಂತಿಯಲ್ಲಿ ಇದ್ದದ್ದು 1,500 ವೋಲ್ಟ್ ಡಿಸಿ. ಆಮೇಲೆ ದೇಶದ ಉಳಿದ ಕಡೆ 25,000 ವೋಲ್ಟ್ ಎಸಿ ಬಂತು, ಮುಂಬೈ ಮಾತ್ರ ಹಳೆಯದರಲ್ಲೇ ಉಳಿಯಿತು. ಹಳಿಯ ಅಗಲ ಒಂದೇ, ಚಕ್ರ ಒಂದೇ. ಆದರೂ ಡಿಸಿ ಲೋಕಲನ್ನು ಎಸಿ ತಂತಿಯ ಕೆಳಗೆ ಓಡಿಸಲು ಆಗುವುದಿಲ್ಲ. ಎಷ್ಟೋ ವರ್ಷ ದೂರದ ಗಾಡಿಗಳಿಗೆ ಇಗತ್‌ಪುರಿಯಲ್ಲಿ ಎಂಜಿನ್ ಬದಲಾಯಿಸುತ್ತಿದ್ದರು. ಪಶ್ಚಿಮ ರೈಲ್ವೆಯ ಲೋಕಲ್ ಮಾರ್ಗ ಪೂರ್ತಿ ಎಸಿ ಆಗಿದ್ದು 2012ರಲ್ಲಿ, ನಮ್ಮ ಸೆಂಟ್ರಲ್‌ದು ಹಾರ್ಬರ್ ಮಾರ್ಗ ಸೇರಿ ಮುಗಿದಿದ್ದು 2016ರಲ್ಲಿ. ನಡುವಿನ ವರ್ಷಗಳಲ್ಲಿ ಎರಡೂ ಕರೆಂಟಿಗೆ ಒಗ್ಗುವ ರೇಕ್‌ಗಳನ್ನು, ಅಂದರೆ ಬೋಗಿ ಜೋಡಿಸಿದ ಇಡೀ ಗಾಡಿಗಳನ್ನು, ತಂದು ದಾಟಿಸಿದರು.

ಕೋಡಿನಲ್ಲೂ ಅಂಥ ರೇಕ್‌ಗಳು ಇವೆ. ವಿಂಡೋ ಇದೆಯಾ ಅಂತ ಮೊದಲು ಕೇಳಿ, ಇದ್ದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು ದಾರಿ ಹಿಡಿಯುವ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗಳು. ನಾನು ಮೊದಲು ಅಂಥ ಸಾಲುಗಳನ್ನು ನೋಡಿ, ಇವರಿಗೆ ಏನು ಇಷ್ಟೊಂದು ಅನುಮಾನ ಅಂದುಕೊಳ್ಳುತ್ತಿದ್ದೆ.

ಡಾಕ್ಯುಮೆಂಟ್ ಇಲ್ಲ ಅಂತ ಕಿರುಚಿ ನಿಲ್ಲುವ ಎರರ್ ಒಳ್ಳೆಯ ಎರರ್. ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತದೆ. ಗೋಳು ಹೊಯ್ದುಕೊಳ್ಳುವುದು ಸದ್ದು ಮಾಡದವು. ಡಾಕ್ಯುಮೆಂಟ್ ಬಿಟ್ಟು, ಫೈಲ್ ಓದಿ ಪೇಜ್ ಬರೆಯುವ ಹಾಗೆ ಕೋಡ್ ತಿದ್ದಿ, ಸಂಘದ ಆಫೀಸಿನ ಹಳೆಯ ಕಂಪ್ಯೂಟರ್‌ಗೆ ಹಾಕಿದೆವು. ಓಡಿತು. ಎರರ್ ಇಲ್ಲ. ಆದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ‘ಶನಿವಾರ’, ‘ಆಗಸ್ಟ್’ ಅಂತ ಅಚ್ಚ ಕನ್ನಡ ಅಕ್ಷರದಲ್ಲಿ ಬರುತ್ತಿದ್ದ ತಾರೀಖು, ಅಲ್ಲಿ ಇಂಗ್ಲಿಷ್‌ನಲ್ಲಿ ಬಂತು. ಕಾರ್ಯಕ್ರಮದ ಹೆಸರು ಕನ್ನಡ, ಸ್ಥಳ ಕನ್ನಡ, ತಾರೀಖು ಮಾತ್ರ ಇಂಗ್ಲಿಷ್. ಕೋಡಿನಲ್ಲಿ ಭಾಷೆ ‘ಕೆಎನ್-ಐಎನ್’ ಅಂತ ಸ್ಪಷ್ಟವಾಗಿ ಬರೆದಿದೆ. ಕನ್ನಡ, ಭಾರತ. ಇದಕ್ಕಿಂತ ಬಿಡಿಸಿ ಇನ್ನು ಹೇಗೆ ಹೇಳುವುದು?

ಅಣ್ಣನ ಮಗನಿಗೂ ತಕ್ಷಣ ಗೊತ್ತಾಗಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇದು. ಆಗಸ್ಟ್, ಶನಿವಾರ ಮುಂತಾದ ಹೆಸರುಗಳು ನನ್ನ ಕೋಡಿನಲ್ಲಿ ಇಲ್ಲ, ಭಾಷೆಯ ನಿಯಮಗಳಲ್ಲೂ ಇಲ್ಲ. ಯೂನಿಕೋಡ್ ಸಂಸ್ಥೆಯವರು ಸಿಎಲ್‌ಡಿಆರ್ ಎಂಬ ದೊಡ್ಡ ಭಂಡಾರ ಇಟ್ಟಿದ್ದಾರೆ. ಲೋಕದ ನೂರಾರು ಭಾಷೆಗಳ ವಾರ, ತಿಂಗಳು, ಅಂಕಿ, ಹಣ ಬರೆಯುವ ಕ್ರಮ ಎಲ್ಲ ಅದರಲ್ಲಿದೆ, ಕನ್ನಡವೂ ಇದೆ. ಆ ಮಾಹಿತಿಯನ್ನು ಪ್ರೋಗ್ರಾಮುಗಳಿಗೆ ಬಡಿಸುವ ಲೈಬ್ರರಿಯ ಹೆಸರು ಐಸಿಯು. ನೋಡ್ ಇನ್‌ಸ್ಟಾಲ್ ಮಾಡಿದಾಗ ಅದರ ಹೊಟ್ಟೆಯಲ್ಲೇ ಐಸಿಯು ಕೂತು ಬರುತ್ತದೆ. ಆದರೆ 2019ರಲ್ಲಿ ನೋಡ್ 13 ಬರುವ ತನಕ, ಗಾತ್ರ ಉಳಿಸಲೆಂದು ಇಂಗ್ಲಿಷ್ ಮಾಹಿತಿಯನ್ನಷ್ಟೇ ತುಂಬಿ ಕೊಡುತ್ತಿದ್ದರು. 13ರಿಂದ ಎಲ್ಲ ಭಾಷೆಗಳೂ ಜೊತೆಯಲ್ಲೇ ಬರುತ್ತವೆ. ಸಂಘದ ಕಂಪ್ಯೂಟರ್‌ನಲ್ಲಿ ಯಾರೋ ಎಂದೋ ಹಾಕಿಟ್ಟಿದ್ದು ನೋಡ್ 12. ಅದಕ್ಕೆ ಕನ್ನಡದ ತಿಂಗಳು ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳುವ ಬದಲು ತನಗೆ ಗೊತ್ತಿದ್ದ ಭಾಷೆಯಲ್ಲಿ ಬರೆದು ಸುಮ್ಮನಾಯಿತು.

ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಇಂಗ್ಲಿಷ್‌ನಲ್ಲೇ ಕೆಲಸ ಮಾಡುವವರಿಗೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಅವರ ಮಟ್ಟಿಗೆ 12 ಆದರೂ 13 ಆದರೂ ‘ಆಗಸ್ಟ್’ ಒಂದೇ ಹಾಗೆ ಬರುತ್ತದೆ. ಹಾಗಾಗಿ ಪಾಠಗಳಲ್ಲೂ ಇದರ ಸುದ್ದಿ ಇಲ್ಲ. ಕನ್ನಡದಲ್ಲಿ ಏನಾದರೂ ಮಾಡಲು ಹೊರಟರೆ ರನ್‌ಟೈಮ್‌ನ ಅಡಿಪಾಯ ನಮಗೆ ಮೊದಲ ದಿನವೇ ತಾಗುತ್ತದೆ. ಹೊಸ ವರ್ಶನ್ ಹಾಕಿದ ಕೂಡಲೇ, ಕೋಡಿನ ಒಂದು ಅಕ್ಷರವನ್ನೂ ಮುಟ್ಟದೆ, ತಿಂಗಳುಗಳು ಕನ್ನಡಕ್ಕೆ ಬಂದವು. ಸಂಘದ ಹಿರಿಯರಿಗೆ ಖುಷಿಯಾಗಿ, ಅಂಕಿಯೂ ಕನ್ನಡದಲ್ಲೇ ಇರಲಿ ಅಂದರು. ಅದಕ್ಕೂ ದಾರಿ ಇದೆ. ‘ಕೆಎನ್-ಐಎನ್’ ಮುಂದೆ ಕನ್ನಡ ಅಂಕಿ ಬೇಕು ಅಂತ ಒಂದು ಸಣ್ಣ ಬಾಲ ಸೇರಿಸಿದರೆ ೧೫, ೨೨ ಅಂತ ಬರುತ್ತದೆ. ಆದರೆ ಮಕ್ಕಳ ಕ್ಲಾಸಿಗೆ ಬರುವ ಹುಡುಗರು ತಾರೀಖು ಓದಲಾಗದೆ ಕಕ್ಕಾಬಿಕ್ಕಿ ಆದರು. ವಾಪಸ್ ತೆಗೆದೆವು.

ಸಂಘದ ಕಂಪ್ಯೂಟರ್ ರಾತ್ರಿ ಆಫ್ ಆಗುತ್ತದೆ, ಕರೆಂಟ್ ಬಿಲ್ ನೋಡುವವರು ಬಿಡಬೇಕಲ್ಲ. ಕೊನೆಗೆ ಇಂಟರ್‌ನೆಟ್ಟಿನಲ್ಲಿ ತಿಂಗಳಿಗೆ ಇಷ್ಟು ಅಂತ ಬಾಡಿಗೆಯ ಸರ್ವರ್ ತೆಗೆದುಕೊಂಡೆವು. ಪೇಜಿನ ತುದಿಯಲ್ಲಿ ‘ಇಂದಿನ ಕಾರ್ಯಕ್ರಮ’ ಅಂತ ಒಂದು ಚೌಕ ಇತ್ತು. ಒಂದು ಬೆಳಗ್ಗೆ, ಇನ್ನೂ ಐದು ಗಂಟೆ ಆಗಿರಬೇಕು, ಭಜನಾ ಮಂಡಳಿಯ ಹಿರಿಯರೊಬ್ಬರ ಫೋನ್.

‘ಏನಮ್ಮ, ನಿಮ್ಮ ಪೇಜ್ ಇನ್ನೂ ನಿನ್ನೆಯಲ್ಲೇ ಉಂಟಲ್ಲ?’

ಅವರ ಮಾತು ಅಕ್ಷರಶಃ ನಿಜ. ಬಾಡಿಗೆಗೆ ಸಿಗುವ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇರುತ್ತದೆ, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ನಮಗೆ ನಡುರಾತ್ರಿ ದಾಟಿ ಹೊಸ ದಿನ ಶುರುವಾದರೂ ಬೆಳಗ್ಗೆ ಐದೂವರೆ ತನಕ ಅದಕ್ಕೆ ನಿನ್ನೆಯೇ. ಹಗಲು ಹೊತ್ತು ಎಷ್ಟು ಸಲ ನೋಡಿದರೂ ಸರಿಯಾಗೇ ಕಾಣುತ್ತದೆ. ಡೇಟ್ ಎಂಬುದು ಭಾಷೆಗೆ ಸೇರಿದ್ದು, ಎಕ್ಮಾ ದಸ್ತಾವೇಜಿನಲ್ಲೇ ಇದೆ. ಆದರೆ ಈಗ ಗಂಟೆ ಎಷ್ಟು, ನಾವು ಯಾವ ಊರಿನ ಗಡಿಯಾರ ನೋಡಬೇಕು ಅನ್ನುವುದನ್ನು ಅದು ಜಾಗದ ಹತ್ತಿರ ಕೇಳಿ ತಿಳಿದುಕೊಳ್ಳುತ್ತದೆ. ಹಾಗಾಗಿ ಖಾತೆ ಭಾಷೆಯದಾದರೂ ಅದರೊಳಗಿನ ಮೊತ್ತ ಬೇರೆ ಕಡೆಯಿಂದ ಬರುತ್ತದೆ. ನಾವು ಹಾಕಿದ ಬ್ಯಾಲೆನ್ಸ್ ಶೀಟ್ ಅಷ್ಟು ಸರಳ ಇರಲಿಲ್ಲ. ‘ಏಷ್ಯಾ/ಕೋಲ್ಕತಾ’ ಅಂತ ಟೈಮ್‌ಝೋನ್ ಕೊಟ್ಟ ಮೇಲೆ ಹಿರಿಯರ ಫೋನ್ ನಿಂತಿತು.

ಇಲ್ಲೊಂದು ಅಡ್ಡಮಾತು. ಭಾರತದ ಸಮಯ ಅಂತ ಒಂದೇ ಒಂದನ್ನು 1906ರ ಜನವರಿ 1ರಿಂದ ತಂದರು. ಮುಂಬೈ ಒಪ್ಪಲಿಲ್ಲ. ತನ್ನದೇ ಬಾಂಬೆ ಟೈಮ್ ಇಟ್ಟುಕೊಂಡು, ದೇಶಕ್ಕಿಂತ 39 ನಿಮಿಷ ಹಿಂದೆ ನಡೆಯಿತು. ಈ ಹಟ 1955ರವರೆಗೆ ಉಳಿದಿತ್ತು. ಕಂಪ್ಯೂಟರ್‌ಗಳಿಗೆ ಮಾತ್ರ ಇದು ಗೊತ್ತಿಲ್ಲ. ಅವು ನಂಬುವ ಟೈಮ್‌ಝೋನ್ ಪಟ್ಟಿಯಲ್ಲಿ ಊರುಗಳನ್ನು 1970ರ ನಂತರದ ಗಡಿಯಾರ ನೋಡಿ ಗುಂಪು ಮಾಡಿದ್ದಾರೆ, ಹಾಗಾಗಿ ಮುಂಬೈಗೆ ಪ್ರತ್ಯೇಕ ಸಾಲು ಇಲ್ಲ. 1940ರ ಯಾವುದೋ ಬೆಳಗಿನ ಮುಂಬೈ ಸಮಯ ಏನು ಅಂತ ನೋಡ್ ಹತ್ತಿರ ಕೇಳಿದರೆ ಅದು ಕೋಲ್ಕತ್ತಾದ ಚರಿತ್ರೆ ನೋಡಿ ಉತ್ತರ ಹೇಳುತ್ತದೆ. ಹಳೆಯ ಜಾತಕ ಬರೆಯುವ ಆ್ಯಪ್ ಮಾಡುವವರು ಇದನ್ನು ಹೇಗೆ ನಿಭಾಯಿಸುತ್ತಾರೋ ನನಗೆ ಕುತೂಹಲ.

ಇದೆಲ್ಲ ಜಾವಾಸ್ಕ್ರಿಪ್ಟ್‌ನ ಕಾಯಿಲೆ ಅಂತ ತಿಳಿಯಬೇಡಿ. ಪೈಥಾನ್‌ನವರು ಒಂದೊಂದು ಕೆಲಸಕ್ಕೆ ಒಂದೊಂದು ವಿಇಎನ್‌ವಿ ಎಂಬ ಬೇರೆ ಕೋಣೆ ಕಟ್ಟಿಕೊಂಡು ಕೂರುತ್ತಾರೆ, ಒಂದರ ಲೈಬ್ರರಿ ಇನ್ನೊಂದಕ್ಕೆ ತಾಗದಿರಲಿ ಅಂತ. ಜಾವಾದವರು 1995ರಲ್ಲಿ ಈ ಜಾಗವನ್ನೇ ಒಂದು ಯಂತ್ರವಾಗಿ ಮಾಡಿ ಎಲ್ಲ ಕಂಪ್ಯೂಟರ್‌ಗಳಿಗೂ ಹಂಚಿದರು. ಒಮ್ಮೆ ಬರೆದರೆ ಎಲ್ಲಿ ಬೇಕಾದರೂ ಓಡಲಿ ಅನ್ನುವುದು ಅವರ ಘೋಷಣೆ, ಆದರೆ ಆ ಯಂತ್ರ ಅಲ್ಲಿ ಇರಬೇಕು ಅಷ್ಟೇ. ಅಣ್ಣನ ಮಗ ಸಿ ಭಾಷೆಗೆ ಇದ್ಯಾವುದೂ ಬೇಡ, ನೇರ ಓಡುತ್ತದೆ ಅಂತ ಜಂಬ ಕೊಚ್ಚಿದ. ಮಾರನೇ ವಾರ ಅವನೇ ಬಂದು, ಮೇನ್ ಫಂಕ್ಷನ್‌ಗಿಂತ ಮೊದಲು ಇನ್ನೊಂದು ಪುಟ್ಟ ಕೋಡ್ ಓಡಿ ಎಲ್ಲ ಸಜ್ಜು ಮಾಡಿಕೊಡುತ್ತದೆ ಅಂತ ಒಪ್ಪಿಕೊಂಡ. ಇನ್ನು ‘ನನ್ನ ಮಷಿನ್‌ನಲ್ಲಿ ಓಡುತ್ತಲ್ಲ’ ಅನ್ನುವ ಜಗಳ ತಾಳಲಾರದೆ, 2013ರಲ್ಲಿ ಬಂದ ಡಾಕರ್ ಅಂಥವು ಪ್ರೋಗ್ರಾಮಿನ ಜೊತೆ ಅದಕ್ಕೆ ಬೇಕಾದ ಲೈಬ್ರರಿ, ಸಾಮಾನು ಎಲ್ಲ ಕಟ್ಟಿ ಒಟ್ಟಿಗೇ ಕಳಿಸುತ್ತವೆ. ಅದರ ಕೆಳಗೂ ಒಂದು ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಬೇಕು ಅನ್ನಿ. ಸಂಘದ ಪಟ್ಟಿಗೆ ನಾನು ಅಲ್ಲಿಯವರೆಗೆ ಹೋಗಲಿಲ್ಲ. ತಾಳಮದ್ದಳೆ ಎಷ್ಟು ಗಂಟೆಗೆ ಅಂತ ಹೇಳಲು ಅಷ್ಟೆಲ್ಲ ಬೇಡ.

ಹೊಸಬರಿಗೆ ನಿಜವಾಗಿ ಕಾಟ ಕೊಡುವುದು ನಕಲು ಮಾಡಿ ತಂದ ಕೋಡ್. ಇಂಟರ್‌ನೆಟ್ಟಿನಿಂದ ಮಾಹಿತಿ ತರುವ ಫೆಚ್ ಎಂಬ ಫಂಕ್ಷನ್ ನೋಡಿ. ಬ್ರೌಸರ್‌ಗಳಲ್ಲಿ 2015ರಿಂದ ಬರತೊಡಗಿತು. ನೋಡ್‌ನಲ್ಲಿ ಬೇರೇನೂ ಸೇರಿಸದೆ ತಾನಾಗಿ ಸಿಕ್ಕಿದ್ದು 2022ರ 18ನೇ ವರ್ಶನ್‌ನಿಂದ. ಹಾಗಾಗಿ ಆ ನಡುವೆ ಇಂಟರ್‌ನೆಟ್ಟಿನಲ್ಲಿ ಬರೆದ ಉತ್ತರಗಳಲ್ಲಿ ಅರ್ಧ ಜನ ‘ಫೆಚ್ ಇಲ್ಲ, ಈ ಲೈಬ್ರರಿ ಹಾಕಿ’ ಅನ್ನುತ್ತಾರೆ, ಇನ್ನರ್ಧ ಜನ ‘ನೇರ ಬಳಸಿ’ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯಾವ ಜಾಗ, ಯಾವ ವರ್ಶನ್ ಅಂತ ಮೇಲೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಮ್ಮ ಆಫೀಸಿನಲ್ಲಿ ಯಾವ ವರ್ಷದ ಲೆಕ್ಕ ಅಂತ ಬರೆಯದ ಕಾಗದವನ್ನು ಯಾರೂ ಕೈಯಲ್ಲಿ ಮುಟ್ಟುವುದಿಲ್ಲ. ಕೋಡ್ ಪಾಠ ಬರೆಯುವವರಿಗೆ ಈ ಶಿಸ್ತು ಯಾಕಿಲ್ಲವೋ!

ನೋಡ್ ಮಾಡಿದ ರಯಾನ್ ಡಾಲ್ 2018ರಲ್ಲಿ ಮತ್ತೆ ಬರ್ಲಿನ್‌ನ ವೇದಿಕೆ ಹತ್ತಿ, ನೋಡ್ ಬಗ್ಗೆ ತಮಗೆ ಪಶ್ಚಾತ್ತಾಪ ಇರುವ ಹತ್ತು ಸಂಗತಿಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ಒಂದು, ಸುರಕ್ಷತೆ. ಬ್ರೌಸರ್ ಹಾಕಿಟ್ಟಿದ್ದ ಬಾಗಿಲನ್ನು ನೋಡ್ ತೆಗೆದೇ ಹಾಕಿತ್ತು. ನೀವು ಇನ್‌ಸ್ಟಾಲ್ ಮಾಡಿದ ಪುಟ್ಟ ಲೈಬ್ರರಿಯೂ ನಿಮ್ಮ ಫೈಲುಗಳನ್ನು ಓದಬಹುದು, ಹೊರಗೆ ಕಳಿಸಬಹುದು, ಕೇಳುವವರಿಲ್ಲ. ಅದೇ ಭಾಷಣದಲ್ಲಿ ಅವರು ಡೆನೋ ಎಂಬ ಹೊಸ ರನ್‌ಟೈಮ್ ತೋರಿಸಿದರು. ಅದರ 1.0 ಬಂದಿದ್ದು 2020ರಲ್ಲಿ. ಎಂಜಿನ್ ಅದೇ ವಿ8. ಆದರೆ ಇದರಲ್ಲಿ ಫೈಲು, ನೆಟ್‌ವರ್ಕ್ ಮುಟ್ಟಬೇಕಾದರೆ ಅನುಮತಿ ಬೇಕು.

ಕುತೂಹಲಕ್ಕೆ ಅದನ್ನೂ ಹಾಕಿ ನಮ್ಮ ಪಟ್ಟಿಯ ಪ್ರೋಗ್ರಾಮ್ ಓಡಿಸಿದೆವು. ಮೊದಲ ಸಾಲಿಗೇ ನಿಂತು, ಕಾರ್ಯಕ್ರಮಗಳ ಫೈಲ್ ಓದಲೇ ಅಂತ ಕೇಳಿತು. ವೈ ಒತ್ತಿದೆ. ಪೇಜ್ ಬರೆಯಲೇ ಅಂತ ಕೇಳಿತು. ಅದಕ್ಕೂ ಸರಿ ಅಂದೆ. ಆಮೇಲೆ ‘ಫೋರ್ಸ್ ಕಲರ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ನೋಡಲೇ ಅಂತ ಕೇಳಿತು.

‘ಇದೇನಿದು? ನಾನು ಬರೆದಿಲ್ಲ’ ಅಂದೆ.

‘ನಾನೂ ಬರೆದಿಲ್ಲ ಅತ್ತೆ. ಬೇಡ ಅನ್ನಿ, ಏನು ಮಾಡುತ್ತೆ ನೋಡೋಣ.’

ಎನ್ ಒತ್ತಿದೆ. ಪ್ರೋಗ್ರಾಮ್ ಅಲ್ಲೇ ಬಿತ್ತು. ಎರರ್‌ನ ಬಾಲ ಹಿಡಿದು ಹೋದರೆ, ಅವನು ಎಂದೋ ಸೇರಿಸಿಟ್ಟಿದ್ದ ಒಂದು ಲೈಬ್ರರಿ ಸಿಕ್ಕಿತು. ‘ಪೇಜ್ ತಯಾರಾಯಿತು’ ಎಂಬ ನಮ್ಮ ಒಂದು ಸಾಲಿಗೆ ಟರ್ಮಿನಲ್‌ನಲ್ಲಿ ಹಸಿರು ಬಣ್ಣ ಹಚ್ಚುವುದು ಅದರ ಕೆಲಸ. ಬಣ್ಣ ಹಚ್ಚಬಹುದೋ ಇಲ್ಲವೋ ಅಂತ ತಿಳಿಯಲು ಅದು ಕಂಪ್ಯೂಟರಿನ ಸೆಟ್ಟಿಂಗ್ ನೋಡುತ್ತಿತ್ತು. ನೋಡ್‌ನಲ್ಲಿ ಇಷ್ಟು ದಿನವೂ ನೋಡುತ್ತಲೇ ಇತ್ತು, ನಮಗೆ ಗೊತ್ತಿರಲಿಲ್ಲ. ಪಾಪ, ಕೆಡುಕೇನೂ ಇಲ್ಲ. ಆದರೂ ಆ ಲೈಬ್ರರಿ ತೆಗೆಸಿದೆ. ಹಸಿರು ಹೋಯಿತು ಅಂತ ಅವನು ಊಟ ಮುಗಿಯುವ ತನಕ ಗೊಣಗುತ್ತಿದ್ದ.